ನೊಗದ ಎಡಗಡೆ

ಹೊಲದ ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಮಂಡಿನೋವು ಇಳಿಯಿತೇ? ಅರವತ್ತು ದಾಟಿದವಳು ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರಬೇಡ ಅಂತ ಬಡಕೊಂಡೆ. ಅಕ್ಕನ ಮಾತು ನಿನಗೆ ಯಾವತ್ತು ರುಚಿಸಿದೆ ಹೇಳು! ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹಲ್ಲು ನಾಲ್ಕೇ ಉಳಿದಿವೆ, ನಾಲಿಗೆ ಮಾತ್ರ ಪೂರ್ತಿ ಇದೆ.

ಇಲ್ಲಿನ ಸುದ್ದಿ ನಿನಗೆ ಗೊತ್ತೇ ಇದೆ, ಗೊತ್ತಿಲ್ಲದವಳಂತೆ ಓದು. ಕಾಡು ಕಡಿದು ಮೊದಲು ಹೊಲ ಮಾಡಿದ ಮನೆತನಗಳ ಬಗ್ಗೆ ನಮ್ಮ ಶಾಲೆಯ ಮೇಷ್ಟ್ರು ಪುಸ್ತಕ ಮಾಡುತ್ತಿದ್ದಾರೆ. ಇಲ್ಲಿಗೆ ಮೊದಲು ಬಂದವರು ನಾವು, ಹಾಗಾಗಿ ಮೊದಲ ಪುಟವೂ ನಮ್ಮದೇ. ಒಂದು ವಾರ ಜಗಲಿಯಲ್ಲಿ ಕೂತು ಅಜ್ಜೀ ಅಜ್ಜೀ ಅಂತ ಬೆಣ್ಣೆ ಹಚ್ಚಿ ನನ್ನಿಂದ ಎಲ್ಲ ಬರೆದುಕೊಂಡರು. ಮೊನ್ನೆ ಬಂದಾಗ ಮುಖ ಹುಳ್ಳಗಿತ್ತು. ಜೇಬಿನಿಂದ ನೀನು ಅವರಿಗೆ ಬರೆದ ಕಾಗದ ತೆಗೆದು ನನ್ನ ಮುಂದಿಟ್ಟರು. ನನಗೊಂದು ಮಾತು ಹೇಳದೆ ಡಂಗುರ ಸಾರಲು ಹೊರಟೆಯಲ್ಲ, ಎಂಥ ಎದೆಗಾರಿಕೆಯೇ ನಿನ್ನದು!

ಅದರಲ್ಲಿ ಏನು ಬರೆದಿದ್ದೀಯೆ? ಅಪ್ಪ ಮೊದಲ ಹೊಲ ಉತ್ತದ್ದು ಜೋಡೆತ್ತಿನಲ್ಲಿ ಅಲ್ಲ, ನೊಗದ ಬಲಕ್ಕೆ ಎತ್ತು, ಎಡಕ್ಕೆ ಬಸುರಿ ಹೆಂಡತಿ. ಅಪ್ಪನ ಅಗಲದ ಟೋಪಿ, ಅಪ್ಪನ ಉದ್ದ ಕೋಟು, ಕೈಯಲ್ಲಿ ಬಾರುಕೋಲು, ಗಾಡಿಯ ಕೆಳಗೆ ಕೂತು ಕಣ್ಣಾರೆ ಕಂಡಿದ್ದೇನೆ, ಇದನ್ನೇ ಅಚ್ಚು ಹಾಕಿ ಅಂತ. ನಿನಗಾಗ ನಾಲ್ಕು ವರ್ಷ ಕಣೇ.

ನೀನು ಕಂಡದ್ದು ಸುಳ್ಳಲ್ಲ. ನೆಲ ಕೊಟ್ಟ ಕಚೇರಿಯವರ ಷರತ್ತೇ ಹಾಗಿತ್ತು: ಆ ವರ್ಷದ ಮೊದಲ ಮಳೆಯ ಹದಕ್ಕೆ ಬೀಜ ಬೀಳದಿದ್ದರೆ ನೆಲ ವಾಪಸ್ಸು. ಮೂರು ವರ್ಷ ಬೊಡ್ಡೆ ಕಿತ್ತು, ಕಲ್ಲು ಹೆಕ್ಕಿ, ಉಗುರು ಕಳಕೊಂಡು ಮಾಡಿದ ನೆಲ ಅದು. ಮಳೆಗೆ ಎಂಟು ದಿನ ಇರುವಾಗ ಎಡಗಡೆಯ ಎತ್ತು ಹೊಟ್ಟೆ ಉಬ್ಬರಿಸಿ ಸತ್ತಿತು. ಹತ್ತಿರದ ಮನೆಗೆ ಎರಡು ದಿನದ ದಾರಿ, ಉಳುಮೆಯ ಹೊತ್ತಿಗೆ ತಮ್ಮ ಎತ್ತು ಯಾರು ಕೊಡುತ್ತಾರೆ. ಅಮ್ಮ "ಎಡಗಡೆ ನಾನು ನಿಲ್ತೀನಿ, ಇನ್ನೇನ್ ಮಾಡೋಕಾಗುತ್ತೆ" ಅಂದಳು. ಗೋಣಿಚೀಲ ಮಡಚಿ ಹೆಗಲಿಗೆ ಇಟ್ಟುಕೊಂಡಳು. ಎರಡು ದಿನ ಎಳೆದಳು. ಮೂರನೇ ದಿನ ಎತ್ತು ಮುಂದಾಯಿತು, ಅವಳು ಹಿಂದಾದಳು, ಸಾಲು ಸೊಟ್ಟಗಾಯಿತು. ಬಾರುಕೋಲು ಮೊದಲು ಎತ್ತಿನ ಮೇಲೆ ಬಿತ್ತು, ಆಮೇಲೆ ಅವಳ ಮೇಲೆ. ಕೂಗಲಿಲ್ಲ ಮಹಾತಾಯಿ. ಸಾಲಿನ ತುದಿ ಮುಟ್ಟಿಸಿ ಕೂತವಳು ಮತ್ತೆ ಏಳಲಿಲ್ಲ. ಸಂಜೆಯೊಳಗೆ ಹೊಟ್ಟೆಯ ಕೂಸೂ ಹೋಯಿತು, ಅವಳೂ ಹೋದಳು. ಉಳಿದ ಅರ್ಧ ಹೊಲಕ್ಕೆ ಗುದ್ದಲಿಯಲ್ಲೇ ಬೀಜ ಹಾಕಿದ್ದಾಯಿತು, ನೆಲ ನಮಗೇ ಉಳಿಯಿತು.

ಹದಿನೆಂಟು ತುಂಬಿದ ದಿನ ನೀನು ಅಪ್ಪನನ್ನು ಕೊಲೆಗಾರ ಅಂದು, ಅವನ ಮುಂದೆ ಉಗಿದು ಹೋದೆ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಜಗಲಿಯ ಬೆಂಚಿನಲ್ಲಿ ರಸ್ತೆಗೆ ಮುಖ ಮಾಡಿ ಕೂತ. ಬಸ್ಸಿನ ಸದ್ದಾದರೆ ಸಾಕು, ಅಂಗಿಯ ಗುಂಡಿ ಹಾಕಿಕೊಂಡು ಕುಂಟುತ್ತಾ ಬೇಲಿಯವರೆಗೆ ಹೋಗುತ್ತಿದ್ದ. ಅವನು ಸತ್ತಾಗ ನಾನು ಕಾಗದ ಹಾಕಿದೆ. "ಹೂತಾಯಿತಾ? ಸಂತೋಷ" ಅಂತ ಬರೆದೆಯಲ್ಲ, ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ಮೇಷ್ಟ್ರಿಗೆ ಬರೆದ ಕಾಗದವನ್ನು ಮಾತ್ರ ಅವರ ಎದುರಿಗೇ ಒಲೆಗೆ ಹಾಕಿದೆ. ತಂಗಿಗೆ ತಲೆ ಕೆಟ್ಟು ಎಷ್ಟೋ ವರ್ಷವಾಯಿತು, ಅದಕ್ಕೇ ಮನೆ ಬಿಟ್ಟು ಹೋದಳು, ಪಾಪ, ಕೈಗೆ ಪೆನ್ನು ಸಿಕ್ಕಿದರೆ ಹೀಗೇ ಏನೇನೋ ಬರೆಯುತ್ತಾಳೆ ಅಂದೆ. ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡೆ. ಮೇಷ್ಟ್ರು ಒಳ್ಳೆಯ ಮನುಷ್ಯ, ನಂಬಿದರು. ಜೋಡೆತ್ತು, ಹೆರಿಗೆಯಲ್ಲಿ ತೀರಿಕೊಂಡ ತಾಯಿ, ಇಬ್ಬರು ಹೆಣ್ಣುಮಕ್ಕಳು, ಕಿರಿಯವಳಿಗೆ ಬುದ್ಧಿ ಸ್ಥಿಮಿತವಿಲ್ಲ ಅಂತ ನಿನ್ನೆ ಅಚ್ಚಿಗೆ ಹೋಯಿತು. ನಿನಗೊಂದು ಪ್ರತಿ ಕಳಿಸುತ್ತೇನೆ.

ಮಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕು. ಹೊತ್ತಿಗೆ ಸರಿಯಾಗಿ ಉಣ್ಣು. ಹಿರಿಯಳಾದ ಮೇಲೆ ಹರಸಲೇಬೇಕಲ್ಲ, ನೂರು ವರ್ಷ ಬಾಳು.

ನಿನ್ನ,
ಅಕ್ಕ

ಮುಚ್ಚುವ ಮೊದಲು ಒಂದು ಮಾತು: ಅಪ್ಪನ ಕುಂಟು ಎಲ್ಲಿಂದ ಬಂತು ಅಂತ ನೀನು ಒಂದು ದಿನವಾದರೂ ಕೇಳಲಿಲ್ಲ. ಆ ಮಳೆಗೆ ಮುಂಚೆ ಬೊಡ್ಡೆ ಕಡಿಯುವಾಗ ಕೊಡಲಿ ಅವನ ಪಾದ ಸೀಳಿತ್ತು. ಉಳುಮೆಯ ಮೂರು ದಿನವೂ ಅವನು ಒಳಗೆ ಚಾಪೆಯ ಮೇಲಿದ್ದ. ಮಳೆ ಜಿನುಗುತ್ತಿತ್ತು ಅಂತ ಅವನ ಟೋಪಿ, ಕೋಟು ಹಾಕಿಕೊಂಡು ನೇಗಿಲು ಹಿಡಿದವಳು ನಾನು. ನನಗೆ ಹನ್ನೆರಡು ವರ್ಷ, ಸಾಲು ಸೊಟ್ಟಗಾದರೆ ಸಿಟ್ಟು ಬರುತ್ತಿತ್ತು. ನೀನು ಉಗಿದ ದಿನ ನಾನು ಬಾಯಿ ತೆರೆದೆ, ಅಪ್ಪನೇ "ಸುಮ್ನಿರು, ಅಪ್ಪ ಇಲ್ದಿದ್ರೂ ಅವಳಿಗೆ ನಡೆಯುತ್ತೆ, ಅಕ್ಕ ಬೇಕು" ಅಂದ. ಸುಮ್ಮನಾದೆ. ಇನ್ನು ಯಾರಿಗೆ ಬೇಕಾದರೂ ಬರಿ ಗುಬ್ಬೀ, ಹುಚ್ಚಿಯ ಕಾಗದವನ್ನು ಯಾರು ನಂಬುತ್ತಾರೆ?