ಎಂಟು ಕಾಲಿನ ಕುದುರೆ

ಹದಿನೇಳನೇ ತಾರೀಖು, ಗುರುವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಭಾವಮೈದನಿಗೆ, ಭಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಕ್ಷಮೆ ಕೇಳಬೇಕು; ಕೇಳಿದ್ದೇನೆ, ಆ ಕೆಲಸ ಮುಗಿಯಿತು. ಊರವರ ಗಡಿಯಾರಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುವವನು ತಾನು ಮಾತ್ರ ಎಲ್ಲದಕ್ಕೂ ತಡ ಎಂದು ನಿನ್ನ ಅಕ್ಕ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಮದುವೆಗೂ ನಾನು ತಡವಾಗಿಯೇ ಬಂದೆ. ಬಾಗಿಲಲ್ಲಿ ಹಲ್ಲು ಕಡಿಯುತ್ತ ಕಾದವನು ನೀನೇ ತಾನೇ, ನಿನಗೆ ಮರೆತಿರಲಾರದು.

ಇಲ್ಲಿ ಎಲ್ಲರೂ ಕ್ಷೇಮ. ಈ ಮಾತನ್ನು ಎಂದಿನಂತೆ ಕೈಯೇ ಬರೆದುಬಿಟ್ಟಿತು. ಹೊಡೆದುಹಾಕೋಣ ಅನ್ನಿಸಿತು, ಆಮೇಲೆ ಇರಲಿ ಬಿಡು, ನಿನ್ನ ಅಕ್ಕ ಕ್ಷೇಮವಾಗಿದ್ದಾಳೆ, ಬೆಕ್ಕು ಕ್ಷೇಮವಾಗಿದೆ, ಬಹುಮತ ಇದೆಯಲ್ಲ ಎಂದುಕೊಂಡೆ. ನಾನು ಮಾತ್ರ ಹೆದರಿಕೊಂಡಿದ್ದೇನೆ ಮಾರಾಯ. ನಗಬೇಡ. ನಗುವ ಹಾಗೆಯೇ ಹೇಳುತ್ತೇನೆ, ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ, ಆದರೆ ನಗಬೇಡ. ಫೋನೇ ಮಾಡಬಹುದಿತ್ತು. ಫೋನು ಮಹಡಿಯ ಮೇಲಿದೆ, ನಿನ್ನ ಅಕ್ಕನೂ ಮಹಡಿಯ ಮೇಲಿದ್ದಾಳೆ.

ನಮ್ಮಿಬ್ಬರ ಹುಚ್ಚು ನಿನಗೆ ಗೊತ್ತಿರುವುದೇ. ಟಂಕಸಾಲೆಯವರು ತೂಕಡಿಸುತ್ತ ಹೊಡೆದ ನಾಣ್ಯಗಳೆಂದರೆ ನಮಗೆ ಪ್ರಾಣ. ಅಚ್ಚು ಪಕ್ಕಕ್ಕೆ ಜಾರಿ ಅರ್ಧ ಚಿತ್ರ ಹೊರಗೇ ಉಳಿದದ್ದು, ಅಂಚನ್ನು ಯಾರೋ ಬಿಸ್ಕತ್ತಿನಂತೆ ಕಚ್ಚಿದ್ದು, ಒಂದು ಮುಖ ಬೋಳಾಗಿ ಹೊಳೆಯುವುದು. "ಒಳ್ಳೇ ನಾಣ್ಯ ಕೊಟ್ಟು ಕೆಟ್ಟ ನಾಣ್ಯ ತಗೊಳ್ಳೋ ಗಂಡಸರು ಲೋಕದಲ್ಲಿ ಇಬ್ಬರೇ ಇರೋದು. ಒಬ್ಬ ತಮ್ಮನಾಗಿ ಬಂದ, ಇನ್ನೊಬ್ಬರು ಗಂಡನಾಗಿ ಬಂದರು," ಎಂದು ನಿನ್ನ ಅಕ್ಕ ನೆಂಟರ ಮುಂದೆ ನಮ್ಮನ್ನು ಪರಿಚಯಿಸುತ್ತಾಳೆ.

ಎಲ್ಲಕ್ಕಿಂತ ದೊಡ್ಡದು ಜೋಡಿ ಅಚ್ಚಿನ ನಾಣ್ಯ. ಅಚ್ಚಿನಲ್ಲೇ ಗೆರೆಗಳೆಲ್ಲ ಕೂದಲೆಳೆಯ ಅಂತರದಲ್ಲಿ ಎರಡೆರಡು ಮೂಡಿದ್ದು. ಜೀವಮಾನದಲ್ಲಿ ಒಂದು ಸಿಕ್ಕರೆ ಪುಣ್ಯ. ನಿನ್ನ ಹತ್ತಿರ ಇದೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತಲ್ಲಿಗೇ ನಡೆದುಬಂದದ್ದು. ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಏನೂ ಆಗದವನಂತೆ "ಅಕ್ಕಾ, ನೀರು ಕೊಡೇ" ಅನ್ನುತ್ತೀಯಲ್ಲ, ಆ ನೀರು ನಿನ್ನ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು ನಾನು ಎಷ್ಟು ಸಲ ಹಾರೈಸಿದ್ದೇನೋ ಲೆಕ್ಕವಿಲ್ಲ.

ಹೀಗಿರುವಾಗ ಹೋದ ತಿಂಗಳು ಕ್ಷೌರದಂಗಡಿಯವನು ಚಿಲ್ಲರೆ ಕೊಟ್ಟ. ಅದರಲ್ಲೊಂದು ಕುದುರೆಯ ಚಿತ್ರದ ನಾಣ್ಯ. ಬೀದಿಯಲ್ಲೇ ನಿಂತು ನೋಡುತ್ತೇನೆ, ಕುದುರೆಗೆ ಎಂಟು ಕಾಲು, ಎರಡು ಬಾಲ. ಜೋಡಿ ಅಚ್ಚು! ಮಾರನೆಯ ದಿನ ತರಕಾರಿಯವಳ ಹತ್ತಿರ ಇನ್ನೊಂದು. ಆಮೇಲೆ ಮತ್ತೆರಡು. ಅದೃಷ್ಟ ಬಂದರೆ ಬಾಗಿಲು ಮುರಿದುಕೊಂಡು ಬರುತ್ತದೆ ಎಂದು ಬೀಗಿದೆ. ನಿನ್ನ ಮುಂದೆ ಏಳೆಂಟು ಕುದುರೆ ಸಾಲಾಗಿ ಇಟ್ಟು "ನೀರು ಬೇಕೇನೋ?" ಎಂದು ಕೇಳುವ ದಿನವನ್ನು ನೆನೆದು ಒಬ್ಬನೇ ನಕ್ಕಿದ್ದೇನೆ.

ಒಂದೇ ಒಂದು ತಕರಾರು. ಅಂಗಡಿಗೆ ತಂದು, ಕೆಲಸಕ್ಕೆ ಬಳಸುವ ಆ ಪುಟ್ಟ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿ, ಎಡಗಣ್ಣು ಮುಚ್ಚಿ ನೋಡಿದರೆ ಕುದುರೆಗೆ ನಾಲ್ಕೇ ಕಾಲು. ಗಾಜು ಹಾಳಾಗಿದೆ ಎಂದುಕೊಂಡೆ. ಸ್ಪಿರಿಟ್ ಹಾಕಿ ಒರೆಸಿದೆ. ಆಗಲೂ ನಾಲ್ಕು. ಹೊಸದು ಕೊಂಡು ತಂದೆ, ಅದರಲ್ಲೂ ನಾಲ್ಕು. ಈಗಿನ ಕಾಲದ ಮಾಲೇ ಹೀಗೆ, ಎಲ್ಲ ಕಳಪೆ ಎಂದು ಅಂಗಡಿಯವನಿಗೆ ಬೈದು ವಾಪಸು ಕೊಟ್ಟೆ. ಇಷ್ಟು ವರ್ಷ ಗಡಿಯಾರದ ಹೊಟ್ಟೆಯೊಳಗೆ ನೋಡುತ್ತ ಬಂದವನು ಗಾಜನ್ನು ಅನುಮಾನಿಸಿದೆನೇ ಹೊರತು ಅದರ ಹಿಂದೆ ಕೂತವನನ್ನು ಅನುಮಾನಿಸಲಿಲ್ಲ ನೋಡು.

ನಮ್ಮ ನಾಣ್ಯದ ಬಳಗದ ಮೇಷ್ಟ್ರಿಗೆ ತೋರಿಸಿದೆ.

"ಎಷ್ಟು ಕಾಲು ಮೇಷ್ಟ್ರೇ?"

"ನಾಲ್ಕು."

"ಸರಿಯಾಗಿ ನೋಡಿ."

"ಕುದುರೆಗೆ ಎಷ್ಟಿರಬೇಕೋ ಅಷ್ಟಿದೆಯಪ್ಪ. ನಿನಗೆಷ್ಟು ಬೇಕಾಗಿತ್ತು?"

ಹೊಟ್ಟೆಕಿಚ್ಚು ಮನುಷ್ಯನನ್ನು ಕುರುಡು ಮಾಡುತ್ತದೆ ಎಂದು ಮರುಕಪಟ್ಟು ಬಂದೆ.

ಆಮೇಲೆ ಒಂದು ಬೆಳಗ್ಗೆ ಅಂಗಡಿಗೆ ಇಳಿಯುವಾಗ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟೆ. ಕೈಕಂಬಿ ಇದ್ದದ್ದರಿಂದ ಉಳಿದೆ. ಚಪ್ಪಲಿ ಸವೆದಿದೆ ಎಂದು ಚಪ್ಪಲಿಗೆ ಬೈದೆ. ಗಾಜು ಆಯಿತು, ಮೇಷ್ಟ್ರು ಆಯಿತು, ಚಪ್ಪಲಿ ಆಯಿತು; ಬೈಯಲು ಇನ್ನೇನು ಉಳಿದಿತ್ತೋ. ಅದೇ ವಾರ ನಮ್ಮ ಬೀದಿಯಲ್ಲಿ ಎರಡು ಬಸ್ಸು ಹೆಗಲಿಗೆ ಹೆಗಲು ತಾಗಿಸಿಕೊಂಡು ಬಂದವು. ನಮ್ಮ ಬೀದಿ ನಿನಗೆ ಗೊತ್ತಲ್ಲ, ಒಂದು ಬಸ್ಸು ಬಂದರೇ ಗೋಡೆಗಳು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಯಾವ ಬಸ್ಸಿನಿಂದ ತಪ್ಪಿಸಿಕೊಳ್ಳಬೇಕೋ ತಿಳಿಯದೆ ನಡುಬೀದಿಯಲ್ಲಿ ನಿಂತೆ. ಯಾರೋ ಪುಣ್ಯಾತ್ಮರು ಅಂಗಿ ಹಿಡಿದು ಎಳೆದರು. ಗೋಡೆಗೆ ಒರಗಿ ನಿಂತು ಜೇಬಿನ ಕುದುರೆಯನ್ನು ತೆಗೆದೆ. ಎರಡೂ ಕಣ್ಣು ಬಿಟ್ಟೆ, ಎಂಟು. ಒಂದು ಕಣ್ಣು ಮುಚ್ಚಿದೆ, ನಾಲ್ಕು. ಈ ಸಲ ಬೈಯಲು ಯಾರೂ ಸಿಗಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಗುಟ್ಟಾಗಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಾರಿಯುದ್ದಕ್ಕೂ "ದೇವರೇ, ಕಣ್ಣಿಗೆ ಪೊರೆ ಬಂದಿರಲಪ್ಪ" ಎಂದು ಬೇಡಿಕೊಂಡು ಹೋದೆ. ಪೊರೆ ಬರಲಿ ಎಂದು ಹರಸಿಕೊಂಡ ಭಕ್ತ ದೇವರಿಗೂ ಹೊಸಬನೇ ಇರಬೇಕು. ಪೊರೆಯಾದರೆ ಕತ್ತರಿಸಿ ತೆಗೆಯುತ್ತಾರೆ, ಹಸಿರು ಬಟ್ಟೆ ಕಟ್ಟುತ್ತಾರೆ, ನೀನು ಕಿತ್ತಳೆ ತಂದು ನೀನೇ ತಿನ್ನುತ್ತೀಯ, ಅಲ್ಲಿಗೆ ಮುಗಿಯಿತು.

ಆಕೆ ಬೆರಳೆತ್ತಿ, ನನ್ನ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಈಗೆಷ್ಟು ಬೆರಳು?" ಒಂದು. ಇನ್ನೊಂದಕ್ಕೆ ಹಿಡಿದಳು. ಒಂದು. ಕೈ ತೆಗೆದಳು. ಎರಡು. ಆಕೆಯನ್ನು ನಗಿಸೋಣ ಎಂದು ಕುದುರೆಯ ಕಥೆ ಹೇಳಿದೆ. ನಗಲಿಲ್ಲ.

"ಪೊರೆ ತಾನೇ ಡಾಕ್ಟ್ರೇ?"

"ಪೊರೆ ಇದ್ದಿದ್ದರೆ ಒಂದು ಕಣ್ಣು ಮುಚ್ಚಿದರೂ ಎರಡು ಕಾಣಬಹುದಿತ್ತು. ನಿಮ್ಮ ಕಣ್ಣು ಚೆನ್ನಾಗೇ ಇದೆ."

ಒಳ್ಳೆಯ ಸುದ್ದಿಯನ್ನು ಯಾರೂ ನನಗೆ ಅಷ್ಟು ಮೆಲ್ಲಗೆ ಹೇಳಿದ್ದಿಲ್ಲ.

"ಹಾಗಾದ್ರೆ ಕೆಟ್ಟಿರೋದು ಎಲ್ಲಿ?" ಎಂದೆ, ರಿಪೇರಿಯವನಲ್ಲವೇ. ಆಕೆ ಪೆನ್ನಿನ ತುದಿಯನ್ನು ತನ್ನ ಕಿವಿಯ ಹಿಂದಕ್ಕೆ ಒಯ್ದು, ಅಲ್ಲಿ ಮುಟ್ಟಿ ತೋರಿಸಿದಳು. "ಹಿಂದೆ ನೋಡಬೇಕು. ನರದ ಸಣ್ಣ ತೊಂದರೆ ಇರಬಹುದು, ತಾನಾಗೇ ಸರಿಹೋಗುತ್ತೆ. ಬೇರೆ ಏನಾದರೂ ಇದ್ದರೂ ಇರಬಹುದು. ಬರೋ ಸೋಮವಾರ ತಲೆಗೆ ಸ್ಕ್ಯಾನ್ ಮಾಡಿಸೋಣ. ಒಬ್ಬರೇ ಬರಬೇಡಿ, ಮನೆಯವರನ್ನ ಕರಕೊಂಡು ಬನ್ನಿ."

ಮನೆಯವಳನ್ನು ಹೇಗೆ ಕರೆದೊಯ್ಯಲಿ, ನೀನೇ ಹೇಳು. ನಿಮ್ಮ ಅಪ್ಪನಿಗೆ ತಲೆಯಲ್ಲಿ ಗಡ್ಡೆ ಎದ್ದಾಗ ನೀನು ದೂರದ ಹಾಸ್ಟೆಲಿನಲ್ಲಿದ್ದೆ. ನಿನ್ನ ಓದು ಕೆಡಬಾರದೆಂದು ಕೊನೆಯವರೆಗೂ ನಿನಗೆ ತಿಳಿಸಲಿಲ್ಲ. ಎಲ್ಲವನ್ನೂ ನೋಡಿಕೊಂಡವಳು ಇವಳು. ಆ ಮಾತು ಅವಳು ಎತ್ತುವುದಿಲ್ಲ. ಒಮ್ಮೆ ಮಾತ್ರ, ಮದುವೆಯಾದ ಹೊಸತರಲ್ಲಿ, ಪಾತ್ರೆ ಒರೆಸುತ್ತ ಹೇಳಿದಳು: "ಲೋಟಾನ ಮೇಜಿನ ಮೇಲೆ ಇಟ್ಟರೆ ಅಪ್ಪ ಪಕ್ಕದ ಗಾಳೀನ ಹಿಡೀತಿದ್ರು. ಆಮೇಲಾಮೇಲೆ ನಾನೇ ಕೈ ಹಿಡಿದು ಬೆರಳು ಮುಚ್ಚಿ ಕೊಡ್ತಿದ್ದೆ." ಅಷ್ಟು ಹೇಳಿ, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದಳು. ಅಂಥವಳಿಗೆ ಇನ್ನೊಂದು ಸಲ ಅದನ್ನೆಲ್ಲ ಮಾಡಿಸುವುದೇ? ನನಗೆ ಗಡ್ಡೆಯ ಭಯ ಇಷ್ಟಿದ್ದರೆ ಇದರ ಭಯ ಅದರ ಹತ್ತು ಪಟ್ಟು.

ಆದ್ದರಿಂದ ನೀನು ಬರಬೇಕು. ಸೋಮವಾರಕ್ಕೆ ರಜೆ ಹಾಕು. ಪಕ್ಕದ ಊರಿನಲ್ಲಿ ಹಳೇ ನಾಣ್ಯದ ಪ್ರದರ್ಶನ ಇದೆ, ಭಾವನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನಿನ್ನ ಅಕ್ಕನಿಗೆ ಹೇಳು. ನಂಬುತ್ತಾಳೆ. ನಾವಿಬ್ಬರೂ ಸೇರಿದರೆ ಅದಕ್ಕಿಂತ ಒಳ್ಳೆಯ ಕೆಲಸ ಮಾಡುತ್ತೇವೆಂದು ಅವಳು ಎಂದೂ ನಂಬಿದವಳಲ್ಲ.

ಈ ಕಾಗದದ ಜೊತೆ ಒಂದು ಕುದುರೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಉಳಿದವನ್ನೆಲ್ಲ ಒಂದು ಕಣ್ಣಲ್ಲಿ ನೋಡಿ, ನಾಲ್ಕು ಕಾಲಿನವೆಂದು ತಿಳಿದು, ತರಕಾರಿಯವಳಿಗೇ ಕೊಟ್ಟು ಖರ್ಚು ಮಾಡಿದೆ. ಇದು ಕೊನೆಗೆ ಸಿಕ್ಕಿದ್ದು. ಇದನ್ನು ಒಂದು ಕಣ್ಣಲ್ಲಿ ನೋಡುವ ಧೈರ್ಯ ಬರಲಿಲ್ಲ. ಇಷ್ಟೊಂದರಲ್ಲಿ ಒಂದಾದರೂ ನಿಜವಾಗಿ ಟಂಕಸಾಲೆಯವರ ತಪ್ಪಾಗಿರಬಾರದೇ? ನಿನ್ನ ಎರಡೂ ಕಣ್ಣು ಬಿಟ್ಟು ನೋಡು. ಎಂಟು ಕಾಲು ಇದ್ದರೆ ಬರೆ. ನಾಲ್ಕೇ ಇದ್ದರೆ ಬರೆಯಬೇಡ, ಬಂದುಬಿಡು.

ಒಂದು ಕಣ್ಣು ಮುಚ್ಚಿಕೊಂಡೇ ಇಷ್ಟನ್ನೂ ಬರೆದಿದ್ದೇನೆ. ಸಾಲು ಓರೆಯಾಗಿದ್ದರೆ ಅದು ನನ್ನ ಎಂದಿನ ಅಕ್ಷರ, ಕಾಯಿಲೆಯ ತಲೆಗೆ ಕಟ್ಟಬೇಡ. ನಿನ್ನ ಹೆಂಡತಿಗೆ ನನ್ನ ಹಾರೈಕೆ, ಮಗಳಿಗೆ ಒಂದು ಮುತ್ತು. ನೀನು ನೂರು ಕಾಲ ಬಾಳು, ಎಲ್ಲವೂ ನಿನಗೆ ಎಷ್ಟಿವೆಯೋ ಅಷ್ಟೇ ಕಾಣಲಿ.

ಇತಿ,
ನಿನ್ನ ಭಾವ

ಮರೆತ ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಅಕ್ಕ ಟೀ ತಂದಳು. ಕಣ್ಣು ಮುಚ್ಚಿಕೊಂಡಿದ್ದರೆ ಕೇಳುತ್ತಾಳೆಂದು ಎರಡನ್ನೂ ಬಿಟ್ಟೆ. ಮೆಟ್ಟಿಲಲ್ಲಿ ಇಬ್ಬರು ಇಳಿದು ಬಂದರು. ಒಬ್ಬಳಿಗೇ ಸುಳ್ಳು ಹೇಳಲಾರದವನು ಇಬ್ಬರಿಗೆ ಹೇಗೆ ಹೇಳಲಿ ಎಂದು ಕಾಗದವನ್ನು ಡ್ರಾಯರಿಗೆ ತಳ್ಳಿ, "ಅಲ್ಲೇ ಇಟ್ಟು ಹೋಗು" ಅಂದೆ. ಅವಳು ಇಡಲಿಲ್ಲ. ನನ್ನ ಬಲಗೈ ಹಿಡಿದು, ಬೆರಳುಗಳನ್ನು ಲೋಟದ ಸುತ್ತ ಮುಚ್ಚಿ, ನಾನು ಹಿಡಿದದ್ದು ಗಟ್ಟಿಯಾದ ಮೇಲೆ ಕೈ ಬಿಟ್ಟಳು. "ಬಿಸಿ ಇದೆ, ನಿಧಾನ," ಅಂದು ಮೇಲೆ ಹೋದಳು. ಈಗ ನೆನೆದರೆ, ಇವತ್ತೊಂದೇ ದಿನವಲ್ಲ. ಎಷ್ಟೋ ದಿನದಿಂದ ಹೀಗೇ ಕೊಡುತ್ತಿದ್ದಾಳೆ. ಪ್ರದರ್ಶನದ ಸುಳ್ಳು ಬೇಡ. ಅವಳಿಗೆ ಮೊದಲೇ ಗೊತ್ತಾಗಿದೆ ಕಣೋ; ನಾನು ಕುದುರೆಯ ಕಾಲು ಎಣಿಸುತ್ತ ಕೂತಿದ್ದೆ.