ಇಪ್ಪತ್ತು ನಿಮಿಷದ ಊರು

ಸೆಗಯಾ, ಮನಾಮಾ
೧೧ ಮೇ ೨೦೨೫

ಅನ್ವಿತಾಳ ಪ್ರೀತಿಯ ಪಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಫ್ಯಾಕ್ಟರಿಯ ಆ ಕುರ್ಚಿಗೆ ಒಂದು ದಿಂಬಾದರೂ ಇಟ್ಟುಕೊಳ್ಳಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳ ಕೆಮ್ಮು ನಿಂತಿದೆ. ಆದರೂ ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುವುದನ್ನು ನಾನು ಬಿಟ್ಟಿಲ್ಲ. ನನ್ನ ನಿದ್ದೆಯ ವಿಷಯ ಕೇಳಬೇಡಿ. ಫೋನಿನಲ್ಲಿ ನೀವು ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡುತ್ತೇನೆ, ಇಟ್ಟ ಮೇಲೆ ನೂರು ಮಾತು ನೆನಪಾಗುತ್ತದೆ. ಮೇಲಿನ ಮನೆಯ ಕ್ಲೊಟಿಲ್ಡಾ ಬಾಯಿ ಇವತ್ತು ಕ್ವಾಲಾಲಂಪುರಕ್ಕೆ, ತಂಗಿಯ ಮನೆಗೆ ಹೊರಟಿದ್ದಾರೆ. ಅಲ್ಲಿಂದ ಈ ಕಾಗದವನ್ನು ನಿಮಗೆ ಅಂಚೆಗೆ ಹಾಕುತ್ತಾರೆ. ಅದಕ್ಕೇ ಬರೆಯಲು ಕೂತೆ.

ನೀವಿರುವ ಬಾತು ಸೆಂಬಿಲಾನ್ ಊರಿನ ಕಥೆ ಈಗ ನನಗೆ ಬಾಯಿಪಾಠ. ಮಲಗುವಾಗ ಮಗಳಿಗೆ ಬೇರೆ ಕಥೆ ಬೇಡ, 'ಪಪ್ಪನ ಟೌನ್' ಬೇಕು. ನೀವು ಹೇಳಿದ್ದನ್ನೇ ಹೇಳುತ್ತೇನೆ. ಮೊದಲು ಅಲ್ಲಿದ್ದದ್ದು ಒಂಬತ್ತನೆಯ ಮೈಲಿಗಲ್ಲು ಮಾತ್ರ, ಊರಿನ ಹೆಸರಿನ ಅರ್ಥವೂ ಅದೇ. ತವರದ ಗಣಿಗೆ ಚೀನಿಯರು ಬಂದರು, ರಬ್ಬರ್ ತೋಟಕ್ಕೆ ತಮಿಳರು ಬಂದರು, ಮಲಯರು ರಸ್ತೆಬದಿಯಲ್ಲಿ ಹಣ್ಣು ಮಾರಲು ಕೂತರು. ದಕ್ಷಿಣಕ್ಕೆ ಹೋಗುವ ಬಸ್ಸುಗಳೆಲ್ಲ ಕಾಫಿಗೆಂದು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದವು, ಆ ಇಪ್ಪತ್ತು ನಿಮಿಷದ ಮೇಲೆಯೇ ಊರು ಬೆಳೆಯಿತು. ಆಮೇಲೆ ಹೊಸ ಹೆದ್ದಾರಿ ಊರನ್ನು ಬಿಟ್ಟು ಆಚೆ ಹಾದುಹೋಯಿತು. ಗಣಿಯಲ್ಲಿ ನೀರು ತುಂಬಿತು. ಉಳಿದದ್ದು ಒಂದು ಸಾಲು ಅಂಗಡಿ, ನಿಮ್ಮ ಕೈಗವಸಿನ ಫ್ಯಾಕ್ಟರಿ, ಮತ್ತೆ ಆ ಕಾಫಿ ಅಂಗಡಿಯ ಮುದುಕ. ನಾಲ್ಕೂವರೆಯ ಬಸ್ಸಿಗೆಂದು ಅವನು ಈಗಲೂ ದೊಡ್ಡ ಪಾತ್ರೆಯಲ್ಲೇ ನೀರು ಕುದಿಸುತ್ತಾನೆ ಎಂದು ಹೇಳಿ ನೀವು ನಕ್ಕಿರಿ. ಅವನ ಅಪ್ಪ ಕಾಫಿ ಕುಡಿಯಲು ಇಳಿದವನಂತೆ, ಬಸ್ಸು ಹೋಯಿತಂತೆ, ಮುಂದಿನದು ಹತ್ತಿದರಾಯಿತು ಎಂದುಕೊಂಡೇ ಮೂರು ತಲೆಮಾರು ಆಯಿತಂತೆ. ಇದನ್ನು ಹೇಳಿದಾಗ ಮಗಳು ನಗಲಿಲ್ಲ. "ಪಪ್ಪ ಆಲ್ಸೋ ಮಿಸ್ಡ್ ದ ಬಸ್?" ಎಂದು ಕೇಳಿದಳು.

ಮಷಿನು ಕೂರಿಸಿ ಬರುತ್ತೇನೆಂದು ಮೂರು ತಿಂಗಳಿಗೆ ಹೋದವರು ನೀವು. ಮೂರು ಆರಾಯಿತು, ಆರು ಹದಿನಾಲ್ಕಾಯಿತು, ಈಗ ನಾವೇ ಅಲ್ಲಿಗೆ ಬರಬೇಕು. ಈ ಗಲ್ಫಿಗೆ, ಸೆಗಯಾಕ್ಕೆ ಬಂದದ್ದೂ ಎರಡೇ ವರ್ಷಕ್ಕೆ ಅಲ್ಲವೇ? ಇದು ಒಂಬತ್ತನೆಯದು. ಇಳಿದ ಕಡೆಯೆಲ್ಲ ನಾವು ಕಾಫಿ ಕುಡಿಯುತ್ತಲೇ ಇದ್ದೇವೆ.

ಇನ್ನು ಆ ಕಾರ್ಟನ್‌ಗಳ ವಿಷಯ. ಕಾರ್ಗೋ ಅಂಗಡಿಯ ಮಿದ್ಲಾಜ್ ಮಾರ್ಚ್‌ನಲ್ಲಿ ಹಗ್ಗ ಕಟ್ಟುತ್ತಾ, "ಮಲೇಷ್ಯಕ್ಕೆ ಕಾರ್ಟನ್ ಕಳಿಸುವವರನ್ನು ನಾನು ಇವತ್ತೇ ನೋಡುವುದು ಅಕ್ಕಾ, ನಮ್ಮದೆಲ್ಲ ಮಂಗಳೂರಿಗೇ" ಎಂದಿದ್ದ. ಅದೇ ಅಭ್ಯಾಸದಲ್ಲಿ ನಾಲ್ಕೂ ಊರಿಗೆ, ಕಿನ್ನಿಗೋಳಿಗೆ ಹೋದವೆಂದು ನಿಮಗೆ ಫೋನಿನಲ್ಲಿ ಹೇಳಿದೆನಲ್ಲ, ನೀವು ಅವನಿಗೆ ಸರಿಯಾಗಿ ಎರಡು ಮಾತು ಹೇಳುತ್ತೇನೆ ಎಂದು ಸಿಟ್ಟಾದಿರಿ. ನಮ್ಮ ಕುಕ್ಕರ್, ಮಗಳ ಸೈಕಲ್, ನಿಮ್ಮ ಚಳಿಯ ಕೋಟು ಎಲ್ಲ ಈಗ ಅತ್ತೆಯ ಚಾವಡಿಯಲ್ಲಿ ಕೂತಿವೆ. ಅತ್ತೆ ಫೋನ್ ಮಾಡಿದ್ದರು: "ಒಂದು ಮಾತು ಹೇಳದೆ ಸಾಮಾನು ಕಳಿಸಿದ್ದೀರಲ್ಲ, ಕಳ್ಳರು. ಬರುವುದು ಯಾವಾಗ ಹೇಳು ಮಾರಾಯ್ತಿ. ಮಗುವಿಗೆ ಇಷ್ಟ ಅಂತ ಬೆಂಡೆ ಬೀಜ ಹಾಕಿದ್ದೇನೆ." ಮೈದುನ ಆಗಲೇ ಸೈಕಲ್ಲಿಗೆ ಗಾಳಿ ತುಂಬಿಸಿದ್ದಾನಂತೆ.

ಹೊತ್ತು ಹೊತ್ತಿಗೆ ಊಟ ಮಾಡಿ. ಆ ಮುದುಕನಿಗೆ ನನ್ನ ನಮಸ್ಕಾರ ಹೇಳಿ. ಕೆಳಗಿನ ಪೆನ್ಸಿಲ್ ಗೀಚು ಬಸ್ಸಂತೆ, ನಿಮಗೆಂದು ಮಗಳು ಬರೆದದ್ದು.

ನಿಮ್ಮ
ಕ್ಷಮಾ

ಮರೆತೆ: ಕ್ಲೊಟಿಲ್ಡಾ ಬಾಯಿ ಬಾಗಿಲಲ್ಲಿ ನಿಂತಿದ್ದಾರೆ, ಟ್ಯಾಕ್ಸಿ ಬಂದಿದೆ. ಮಿದ್ಲಾಜ್‌ಗೆ ಬೈಯಬೇಡಿ. ಮಾರ್ಕರನ್ನು ಅವನು ನನ್ನ ಕೈಗೇ ಕೊಟ್ಟಿದ್ದ. ನಾಲ್ಕು ಕಾರ್ಟನ್, ಒಂದೊಂದಕ್ಕೆ ನಾಲ್ಕು ಮಗ್ಗುಲು. ಹದಿನಾರು ಸಲವೂ ಕಿನ್ನಿಗೋಳಿ ಎಂದು ಬರೆದದ್ದು ನಾನೇ. ಒಂದು ಸಲವಾಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಅಲ್ಲಿಗೆ ಬರಲು ನೀವು ಕಳಿಸಿದ ಟಿಕೆಟ್ ಈ ಇಪ್ಪತ್ತನಾಲ್ಕಕ್ಕೆ. ಬೆಂಡೆ ಮೊಳಕೆ ಬಂದಿದೆಯಂತೆ. ನಾವು ಊರಿಗೆ ಬರುವುದಿಲ್ಲ ಎಂದು ಅತ್ತೆಗೆ ನಾನು ಹೇಳಲಾರೆ. ಹೇಳಲೇಬೇಕಿದ್ದರೆ ನೀವೇ ಫೋನ್ ಮಾಡಿ ಹೇಳಿ.