ಅಮ್ಮನ ಕೈಚೀಲ

ಅಮ್ಮಾ,

ಇಂದು ಬಿಡುಗಡೆಯಾದ ಕ್ಷೌರಿಕನ ಕೈಯಲ್ಲಿ ಈ ಪತ್ರ ಕಳಿಸಿದ್ದೇನೆ. ಓದಿ ಒಲೆಗೆ ಹಾಕು.

ಜೈಲಿನೊಳಗೆ ಗಾಂಜಾ ಮಾರುವ ಎರಡು ಗುಂಪುಗಳು ಹಾವು ಮುಂಗುಸಿಯಾಗಿವೆ. ತಪಾಸಣೆ ಬಿಗಿಯಾಗಿದೆ, ಯಾರ ಸರಕು ಮೊದಲು ಒಳಗೆ ಬರುತ್ತದೋ ಜೈಲು ಅವರದ್ದು. ನಾನು ಬಾಯಿ ಮುಚ್ಚಿಕೊಂಡಿರದೆ, "ನಮ್ಮಮ್ಮನ ಚೀಲ ಮಾತ್ರ ಗೇಟಿನವನು ಮುಟ್ಟಲ್ಲ ಕಣ್ರೋ" ಎಂದು ಕೊಚ್ಚಿಕೊಂಡೆ. ಈಗ ಇಬ್ಬರಿಗೂ ನಿನ್ನ ಚೀಲವೇ ಬೇಕು. ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರ ಚೂರಿ.

ಅದಕ್ಕೇ ಭಾನುವಾರ ಬಂದವಳೇ ಗೇಟಿನವನನ್ನು ಎಲ್ಲರೆದುರು ಬೈದುಬಿಡು. ಸಿಟ್ಟಿಗೆದ್ದು ಅವನು ಪ್ರತಿ ಸಲ ಚೀಲ ತಡಕಲಿ. ತಡಕುವ ಚೀಲ ಯಾರಿಗೂ ಬೇಡ. 'ಮಂಡಿನೋವಿಗೆ ನಾನೇ ಎಣ್ಣೆ ಕೊಟ್ಟವನನ್ನು ಹೇಗೆ ಬೈಯಲಿ' ಅನ್ನಬೇಡ. ಅವನ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೋ, ಬೈಗುಳ ತಾನಾಗಿ ಬರುತ್ತದೆ.

ನಿನ್ನ
ಬಾಯಿಬಡುಕ ಮಗ